ಸನ್‌ರೂಫ್ ಸೋರಿದರೆ, ಸಿಲುಕಿದರೆ: ಮನೆಯಂಗಳದಲ್ಲಿ ಮಾಡುವುದೆಷ್ಟು, ಗ್ಯಾರೇಜಿಗೆ ಬಿಡುವುದೆಷ್ಟು?

ಘಟ್ಟದ ಮೇಲೆ ವರ್ಷಗಟ್ಟಲೆ ಓಡಿ ಒಂದು ಹನಿಯನ್ನೂ ಒಳಗೆ ಬಿಡದ ಸನ್‌ರೂಫ್ ಮಂಗಳೂರಿಗೆ ಬಂದ ಮೊದಲ ಜೂನಿನಲ್ಲೇ ಸೋರುವುದುಂಟು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಊರು ಇದು. ಬೇರೆಡೆ ಅಡಗಿ ಕುಳಿತ ದೋಷ ಇಲ್ಲಿ ತಲೆಯ ಮೇಲೆ ತೊಟ್ಟಿಕ್ಕಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ.

ತೊಟ್ಟಿಕ್ಕಿದ ಮರುದಿನವೇ ಸಲಹೆಗಳೂ ಸುರಿಯತೊಡಗುತ್ತವೆ. ಒಬ್ಬರು ಸುತ್ತಲೂ ಗಮ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಬೀಡಿಂಗ್ ಬದಲಿಸಬೇಕು ಎನ್ನುತ್ತಾರೆ. ಶೋರೂಮಿನಲ್ಲಿ ಇಡೀ ಅಸೆಂಬ್ಲಿಯ ಬೆಲೆ ಬರೆದು ಕೈಗೆ ಕೊಡುತ್ತಾರೆ. ಮೊಬೈಲಿನಲ್ಲಿ ವೀಡಿಯೊ ನೋಡಿದ ತಮ್ಮ ಸ್ಕ್ರೂಡ್ರೈವರ್ ಹಿಡಿದು ಅಂಗಳಕ್ಕೆ ಇಳಿದಿರುತ್ತಾನೆ. ಯಾರ ಮಾತು ಕೇಳಬೇಕೆಂಬುದು ದೋಷ ಯಾವುದು ಎಂಬುದರ ಮೇಲೆ ನಿಂತಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿನ ದಾರಿ ಬಿಡಿಸುವುದು, ಹಳಿ ಒರೆಸಿ ಗ್ರೀಸ್ ಹಾಕುವುದು, ಗಾಜಿನ ಎತ್ತರ ಸರಿಪಡಿಸುವುದು, ಈ ಮೂರನ್ನು ತಾಳ್ಮೆಯಿರುವ ಯಾರೂ ಮನೆಯಲ್ಲಿ ಮಾಡಬಹುದು. ರೂಫ್ ಲೈನಿಂಗ್, ಅಂದರೆ ಮಾಡಿನ ಒಳಮೈಯ ಹೊದಿಕೆ, ಇಳಿಸಬೇಕಾದ ಯಾವ ಕೆಲಸವೂ ಮನೆಯದಲ್ಲ. ಗಮ್ ಮಾತ್ರ ಯಾರ ಕೈಯಿಂದಲೂ ಬೇಡ.

ಮೊದಲು ದೋಷವನ್ನು ಗುರುತಿಸಿ

ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ನೀರನ್ನು ಪೂರ್ತಿ ತಡೆಯುತ್ತದೆ ಎಂಬ ನಂಬಿಕೆಯೇ ಅರ್ಧ ಅನಗತ್ಯ ಖರ್ಚಿನ ಮೂಲ. ಅದು ಹೆಚ್ಚಿನ ನೀರನ್ನು ಹೊರಗೆ ನಿಲ್ಲಿಸುತ್ತದೆ, ಸ್ವಲ್ಪ ಒಳಗೆ ಬಂದೇ ಬರುತ್ತದೆ. ಕಾರು ಮಾಡುವವರಿಗೂ ಇದು ಗೊತ್ತು. ಅದಕ್ಕೆಂದೇ ಗಾಜಿನ ಕೆಳಗೆ ಸುತ್ತಲೂ ಒಂದು ತೊಟ್ಟಿ, ತೊಟ್ಟಿಯ ಮೂಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ತೂತು, ಒಂದೊಂದು ತೂತಿಗೂ ಒಂದು ಸಣ್ಣ ಕೊಳವೆ ಇಟ್ಟಿರುತ್ತಾರೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಹೆಚ್ಚಾಗಿ ಮುಂಬಾಗಿಲಿನ ಕೀಲಿನ ಆಸುಪಾಸಿನಲ್ಲಿ ಹೊರಬರುತ್ತವೆ. ಹಿಂದಿನ ಎರಡು ಹಿಂಗಂಬದಲ್ಲಿ ಇಳಿದು ಹಿಂಚಕ್ರದ ಮೇಲ್ಭಾಗದಲ್ಲೋ ಬಂಪರಿನ ಮರೆಯಲ್ಲೋ ಬಾಯಿ ತೆರೆಯುತ್ತವೆ. ಹಳೆಯ ಹಂಚಿನ ಮನೆಯ ಮಾಡಿಗೆ ಕಟ್ಟುತ್ತಿದ್ದ ಅಡಿಕೆ ದಂಬೆಯ ವ್ಯವಸ್ಥೆಯೇ ಇಲ್ಲಿಯೂ ಇರುವುದು. ದಂಬೆಯಲ್ಲಿ ತರಗೆಲೆ ಕಟ್ಟಿಕೊಂಡು ನೀರು ಜಗಲಿಗೆ ಹಾರಿದರೆ ಯಾರೂ ಹಂಚು ಬದಲಿಸುವುದಿಲ್ಲ, ಏಣಿ ಇಟ್ಟು ಎಲೆ ತೆಗೆಯುತ್ತಾರೆ.

ನಮ್ಮ ಕಡೆ ಆ ಕೊಳವೆಗಳು ಕಟ್ಟಿಕೊಳ್ಳುವುದಕ್ಕೆ ಒಂದು ಕ್ರಮವೇ ಇದೆ. ಚಳಿ ಮುಗಿಯುವ ಹೊತ್ತಿಗೆ ಮಾವಿನ ಹೂವು ಉದುರುತ್ತದೆ, ಮರದಡಿ ನಿಲ್ಲಿಸಿದ ಕಾರಿನ ಬೀಡಿಂಗಿನ ಸಂದಿಗೆ ಸೇರುತ್ತದೆ. ಮಾರ್ಚ್, ಏಪ್ರಿಲ್‌ನ ಕೆಂಪು ಧೂಳು ಅದರ ಮೇಲೆ ಕೂರುತ್ತದೆ. ಪಣಂಬೂರು, ಮಲ್ಪೆಗೆ ಆಗಾಗ ಹೋಗುವವರ ಕಾರಾದರೆ ನುಣುಪು ಮರಳೂ ಗಾಳಿಮರದ ಸೂಜಿಯೆಲೆಗಳೂ ಜೊತೆಗೂಡುತ್ತವೆ. ಮೇ ಕೊನೆಯ ಎರಡು ಬಿಡಿ ಮಳೆಗೆ ಇವೆಲ್ಲ ಕಲಸಿ ಹದವಾದ ಕೆಸರಾಗಿ ತೂತಿನಲ್ಲಿ ಕೂತಿರುತ್ತದೆ. ಆಮೇಲೆ ಬರುವುದು ನಿಜವಾದ ಮಳೆ.

ಹಾಗಾಗಿ ಒಳಗೆ ನೀರು ಕಂಡ ಕೂಡಲೇ ಗಾಜನ್ನು ಅನುಮಾನಿಸಬೇಡಿ. ನೀರು ಎಲ್ಲಿ ಕಾಣಿಸಿತು ಎಂದು ನೋಡಿ. ಮುಂದಿನ ಸೀಟಿನವರ ಕಾಲ ಬುಡದ ಕಾರ್ಪೆಟ್ ಒದ್ದೆಯಾಗಿದ್ದರೆ, ಅಥವಾ ಮುಂಗಾಜಿನ ಪಕ್ಕದ ಪ್ಲಾಸ್ಟಿಕ್ ಕಂಬದ ಮೇಲೆ ನೀರಿಳಿದ ಗೆರೆಯಿದ್ದರೆ ಮುಂದಿನ ಕೊಳವೆ. ಡಿಕ್ಕಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಂತಿದ್ದರೆ ಬಹುತೇಕ ಹಿಂದಿನ ಕೊಳವೆ. ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಲೈನಿಂಗಿನಿಂದ ಸುರಿದರೆ ತೊಟ್ಟಿ ತುಂಬಿ ಒಂದು ಕಡೆ ಉಕ್ಕುತ್ತಿದೆ ಎಂದರ್ಥ. ಇನ್ನೊಂದು ಸಾಧ್ಯತೆಯನ್ನೂ ಮರೆಯಬಾರದು. ಎಡಗಡೆ ಮುಂದಿನ ಕಾರ್ಪೆಟ್ ಮಳೆಯಿಲ್ಲದ ದಿನವೂ, ಎಸಿ ಹಾಕಿ ಓಡಿಸಿದ ಮೇಲೆ ಒದ್ದೆಯಾಗುತ್ತಿದ್ದರೆ ಅದು ಎಸಿಯ ನೀರು ಹೋಗುವ ಕೊಳವೆಯ ತಕರಾರು. ಅದಕ್ಕೂ ಸನ್‌ರೂಫಿಗೂ ಸಂಬಂಧವಿಲ್ಲ.

ಖಚಿತಪಡಿಸಿಕೊಳ್ಳಲು ಒಂದು ಲೋಟ ನೀರು ಸಾಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸನ್‌ರೂಫ್ ಪೂರ್ತಿ ತೆರೆದು, ತೊಟ್ಟಿಯ ಒಂದು ಮುಂದಿನ ಮೂಲೆಗೆ ನಿಧಾನವಾಗಿ ಅರ್ಧ ಲೋಟ ಸುರಿಯಿರಿ. ಇನ್ನೊಬ್ಬರು ಕೆಳಗೆ ಕುಳಿತು ಆ ಕಡೆಯ ಚಕ್ರದ ಹಿಂದೆ ನೋಡುತ್ತಿರಲಿ. ಸುರಿದ ಕೆಲವೇ ಕ್ಷಣಗಳಲ್ಲಿ ಧಾರೆಯಾಗಿ ಬಿದ್ದರೆ ದಾರಿ ಚೊಕ್ಕಟ. ತೊಟ್ಟು ತೊಟ್ಟಾಗಿ ಬಂದರೆ ಅರ್ಧ ಕಟ್ಟಿದೆ. ಏನೂ ಬಾರದೆ ಮೂಲೆಯಲ್ಲೇ ನೀರು ನಿಂತರೆ ಮುಂದೆ ಸುರಿಯುವುದನ್ನು ನಿಲ್ಲಿಸಿ. ನಾಲ್ಕೂ ಮೂಲೆಗೆ ಇದೇ ಪರೀಕ್ಷೆ. ಹಿಂದಿನ ತೂತುಗಳು ಕೆಲವು ಕಾರುಗಳಲ್ಲಿ ಕೈಗೆ, ಕಣ್ಣಿಗೆ ಸಿಗುವುದಿಲ್ಲ. ಅಲ್ಲಿ ಕಾರಿನ ಮುಂಭಾಗವನ್ನು ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ ತೊಟ್ಟಿಯ ಬದಿಗೆ ಸುರಿದರೆ ನೀರು ತಾನೇ ಹಿಂದಕ್ಕೆ ಹರಿಯುತ್ತದೆ.

ಕೊಳವೆ ಬಿಡಿಸುವುದು: ಮನೆಯೇ ಮೇಲು

ಈ ಕೆಲಸದಲ್ಲಿ ಮನೆಗೂ ಗ್ಯಾರೇಜಿಗೂ ಹೋಲಿಸಿದರೆ ನಾನು ಮನೆಯ ಪಕ್ಷ. ಕಾರಣ ಹಣವೊಂದೇ ಅಲ್ಲ. ಗ್ಯಾರೇಜಿನಲ್ಲಿ ಅವಸರಕ್ಕೆ ಕಂಪ್ರೆಸರಿನ ಗಾಳಿ ಹೊಡೆಯುತ್ತಾರೆ. ಕಾರಿನೊಳಗೆ, ಲೈನಿಂಗಿನ ಮರೆಯಲ್ಲಿ, ಕೊಳವೆ ತೂತಿನ ಮೂತಿಗೆ ಸುಮ್ಮನೆ ಸಿಕ್ಕಿಸಿದ ಹಾಗೆ ಇರುತ್ತದೆ. ಜೋರು ಗಾಳಿಗೆ ಅದು ಕಳಚಿಕೊಂಡರೆ ಹೊರಗೆ ಹೋಗಬೇಕಾದ ನೀರೆಲ್ಲ ಲೈನಿಂಗಿನ ಮೇಲೆ ಬೀಳುತ್ತದೆ. ಬೇಸಗೆಯಲ್ಲಿ ಹಾಗೆ ಕಳಚಿದ್ದು ಮಳೆಗಾಲದವರೆಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡುವವರಿಗೆ ಬೇಕಾದ ಮುಖ್ಯ ಸಾಧನ ಊರಿನ ಪ್ರತಿ ತೋಟದ ಮನೆಯಲ್ಲೂ ಇದೆ: ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರ. ಎರಡು ಮಿಲಿಮೀಟರಿನ ಆಸುಪಾಸಿನ, ಗುಂಡನೆಯ ದಾರ ಒಳ್ಳೆಯದು. ತುದಿ ಚೂಪಾಗಿರುತ್ತದೆ, ಅದನ್ನು ಬೆಂಕಿಕಡ್ಡಿಯಿಂದ ಕರಗಿಸಿ ಉರುಟು ಮಾಡಿಕೊಳ್ಳಬೇಕು. ಮೇಲಿನ ತೂತಿನಿಂದ ಮೆಲ್ಲ ತಿರುಚುತ್ತಾ ಇಳಿಸಿ. ತಡೆ ಸಿಕ್ಕಿದರೆ ದೂಡಬೇಡಿ. ಸ್ವಲ್ಪ ಹಿಂದೆಗೆದು, ತಿರುಚಿ, ಮತ್ತೆ ಇಳಿಸಿ. ಬೈಕಿನ ಕ್ಲಚ್ ಕೇಬಲ್, ಕಬ್ಬಿಣದ ಸರಿಗೆ, ಕೊಡೆಯ ಕಡ್ಡಿ, ಇವು ಯಾವುವೂ ಬೇಡ. ಕೊಳವೆ ಮೆದು, ಚುಚ್ಚಿಕೊಂಡರೆ ಅದನ್ನು ಬದಲಿಸಲು ಕಂಬದ ಹೊದಿಕೆಯನ್ನೇ ಬಿಚ್ಚಬೇಕು.

ಎಷ್ಟೋ ಸಲ ಕಟ್ಟಿಕೊಂಡಿರುವುದು ಮೇಲಲ್ಲ, ಕೆಳಗೆ. ಹೊರಗಿನ ಧೂಳು, ಹುಳು ಒಳಗೆ ಬಾರದಂತೆ ಕೊಳವೆಯ ತುದಿಗೆ ಕೆಲವು ಕಾರುಗಳಲ್ಲಿ ಸೀಳು ಬಾಯಿಯ ಒಂದು ರಬ್ಬರ್ ಮೂತಿ ಇರುತ್ತದೆ. ಮಣಿಪಾಲದಲ್ಲಿರುವ ನನ್ನ ಭಾವನ ಕಾರಿನದು ಇದೇ ಕತೆ. ಗ್ಯಾರೇಜಿನಲ್ಲಿ ನೋಡಿದವರು "ಬೀಡಿಂಗ್ ಹೋಗಿದೆ ಮಾರಾಯರೇ, ಹೊಸದು ತರಿಸಬೇಕು" ಎಂದಿದ್ದರು. ಬೀಡಿಂಗ್ ಕೈಯಿಂದ ಒತ್ತಿ ನೋಡಿದರೆ ಹೊಸದರಷ್ಟೇ ಮೆದುವಾಗಿತ್ತು. ಲೋಟದ ಪರೀಕ್ಷೆಯಲ್ಲಿ ಎಡಗಡೆ ಒಂದು ಹನಿಯೂ ಹೊರಬರಲಿಲ್ಲ. ಮುಂಬಾಗಿಲು ಪೂರ್ತಿ ತೆರೆದು ಕೀಲುಗಳ ನಡುವಿನ ಸಂದಿಗೆ ಟಾರ್ಚ್ ಹಿಡಿದಾಗ ಹೆಬ್ಬೆರಳಿನಷ್ಟು ಉದ್ದದ ಕಪ್ಪು ರಬ್ಬರ್ ಕಾಣಿಸಿತು. ಅದರ ಎರಡು ತುಟಿಗಳು ಒಣಗಿದ ಕೆಸರಿನಿಂದ ಅಂಟಿಹೋಗಿದ್ದವು. ಎರಡು ಬೆರಳಿನಲ್ಲಿ ಹಿಚುಕಿದೊಡನೆ ಮಾವಿನ ಹೂವಿನ ಕಡ್ಡಿಗಳು ಸಿಕ್ಕಿಕೊಂಡಿದ್ದ ಒಂದು ಬಿರಡೆ ಜಾರಿತು. ಅದರ ಬೆನ್ನಿಗೇ ಎಷ್ಟು ದಿನದಿಂದ ಒಳಗಿತ್ತೋ ಆ ಕಂದು ನೀರು ಭಾವನ ಬಿಳಿ ಪಂಚೆಯ ಮೇಲೆ ಹಾರಿತು. ರಿಪೇರಿ ಅಲ್ಲಿಗೆ ಮುಗಿಯಿತು. ಪಂಚೆಯ ವಿಷಯ ಅಕ್ಕನಿಗೆ ಬಿಟ್ಟದ್ದು.

ಗ್ರೀಸ್ ಮತ್ತು ಸ್ವಿಚ್ಚಿನ ಪಾಠ

ಎರಡನೆಯ ಬಗೆಯ ತಕರಾರು ಚಲನೆಯದು. ಗಾಜು ಅರ್ಧ ಹೋಗಿ ನಿಲ್ಲುತ್ತದೆ, ಕಿರುಗುಟ್ಟುತ್ತದೆ, ಅಥವಾ ಇನ್ನೇನು ಮುಚ್ಚಿತು ಎನ್ನುವಾಗ ತಾನೇ ಹಿಂದಕ್ಕೆ ಹೋಗುತ್ತದೆ. ಈ ಕೊನೆಯದನ್ನು ನೋಡಿ ಮೋಟಾರ್ ಕೆಟ್ಟಿತೆಂದು ಹೆದರುವವರು ಹೆಚ್ಚು. ಬೆರಳು ಸಿಕ್ಕಿಕೊಂಡರೆ ಗಾಜು ವಾಪಸಾಗಲಿ ಎಂದು ಇಟ್ಟ ಸುರಕ್ಷಾ ವ್ಯವಸ್ಥೆ ಅದು. ಒಣಗಿದ ಹಳಿಯಲ್ಲಿ ಮರಳು ತಡೆದರೂ ಮೋಟಾರಿನ ಲೆಕ್ಕಕ್ಕೆ ಅದು ಬೆರಳೇ.

ಇಲ್ಲಿಯೂ ಮೊದಲ ಹೆಜ್ಜೆ ಮನೆಯಲ್ಲೇ. ಗಾಜು ಪೂರ್ತಿ ತೆರೆದು, ಎರಡೂ ಬದಿಯ ಹಳಿಗಳಲ್ಲಿರುವ ಹಳೆಯ ಕಪ್ಪು ಗ್ರೀಸನ್ನು ಹತ್ತಿಬಟ್ಟೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ತೆಗೆಯದೆ ಮೇಲೆಯೇ ಹೊಸತನ್ನು ಹಚ್ಚಿದರೆ ಮರಳಿಗೆ ಇನ್ನಷ್ಟು ಅಂಟು ಕೊಟ್ಟ ಹಾಗೆ. ಆಮೇಲೆ ಹಳಿಗೆ ಪಿಟಿಎಫ್‌ಇ (ಟೆಫ್ಲಾನ್) ಇರುವ ಗ್ರೀಸ್ ಅಥವಾ ಸಿಲಿಕೋನ್ ಗ್ರೀಸ್, ಬೀಡಿಂಗಿಗೆ ಸಿಲಿಕೋನ್ ಅಥವಾ ರಬ್ಬರಿಗೆಂದೇ ಇರುವ ಲೇಪ, ತೆಳುವಾಗಿ. ತುಕ್ಕು ಬಿಡಿಸುವ ಸ್ಪ್ರೇ ಮನೆಮನೆಯಲ್ಲಿದೆ ನಿಜ. ಅದು ಇದ್ದ ಗ್ರೀಸನ್ನೂ ತೊಳೆದು ಹಾಕುತ್ತದೆ, ಎರಡು ವಾರ ಗಾಜು ಬೆಣ್ಣೆಯಂತೆ ಜಾರಿ ಮೂರನೆಯ ವಾರ ಮೊದಲಿಗಿಂತ ಜೋರಾಗಿ ಕಿರುಚುತ್ತದೆ. ಚಕ್ರದ ಬೇರಿಂಗಿನ ಗ್ರೀಸ್ ದಪ್ಪ, ಧೂಳು ಹಿಡಿಯುತ್ತದೆ, ಅದರ ಎಣ್ಣೆಗೆ ರಬ್ಬರ್ ಉಬ್ಬುತ್ತದೆ. ಇನ್ನು ನಮ್ಮವರು ಬಾಗಿಲ ಕೀಲಿನಿಂದ ಹಿಡಿದು ನೆತ್ತಿಯವರೆಗೆ ಎಲ್ಲಕ್ಕೂ ಹಚ್ಚುವ ತೆಂಗಿನೆಣ್ಣೆಯನ್ನು ದಯವಿಟ್ಟು ಅಡುಗೆಮನೆಯಲ್ಲೇ ಬಿಡಿ.

ಹಳಿ ಚೊಕ್ಕಟವಾದ ಮೇಲೂ ಗಾಜು ಪೂರ್ತಿ ಮುಚ್ಚದಿದ್ದರೆ, ಅಥವಾ ಒಂದೇ ಒತ್ತಿಗೆ ತೆರೆಯುತ್ತಿದ್ದದ್ದು ಈಗ ಇಂಚಿಂಚಾಗಿ ಸರಿದರೆ, ಗಾಜು ಎಲ್ಲಿದೆ ಎಂಬ ಮೋಟಾರಿನ ನೆನಪು ಹೋಗಿದೆ. ಬ್ಯಾಟರಿ ಬದಲಿಸಿದಾಗ, ಟರ್ಮಿನಲ್ ಬಿಚ್ಚಿದಾಗ, ಫ್ಯೂಸ್ ತೆಗೆದಾಗ ಹೀಗಾಗುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ. ಹಲವು ಕಾರುಗಳಲ್ಲಿ ಗಾಜು ಮುಚ್ಚಿದ ಸ್ಥಿತಿಯಲ್ಲಿ ಮುಚ್ಚುವ ಸ್ವಿಚ್ಚನ್ನು ಹಾಗೆಯೇ ಒತ್ತಿ ಹಿಡಿದರೆ, ಸುಮಾರು ಹತ್ತು ಸೆಕೆಂಡಿನ ಬಳಿಕ ಗಾಜು ಸಣ್ಣಗೆ ಅಲುಗುತ್ತದೆ. ಬಿಟ್ಟು, ತಡಮಾಡದೆ ಮತ್ತೆ ಒತ್ತಿ ಹಿಡಿದರೆ ಒಂದು ಪೂರ್ತಿ ಸುತ್ತು ತೆರೆದು ಮುಚ್ಚಿಕೊಳ್ಳುತ್ತದೆ. ಒಂದೊಂದು ಕಾರಿನಲ್ಲಿ ಕ್ರಮ ಸ್ವಲ್ಪ ಬೇರೆ, ಅದು ಮಾಲೀಕರ ಕೈಪಿಡಿಯಲ್ಲಿ ಇದ್ದೇ ಇರುತ್ತದೆ. ಇಷ್ಟನ್ನು ಮಾಡಿಸಲು ಶೋರೂಮಿನ ಸರತಿಯಲ್ಲಿ ಅರ್ಧ ದಿನ ಕೂರುವವರನ್ನು ಕಂಡಾಗ ನನಗೆ ಕೈಪಿಡಿ ಬರೆದವರ ಬಗ್ಗೆ ಮರುಕ ಹುಟ್ಟುತ್ತದೆ.

ಗಾಜು ಜೋಡಿಸುವುದು: ಮೊದಲು ಎತ್ತರವೇ, ಓರೆಯೇ ನೋಡಿ

ಗಾಜಿನ ಜೋಡಣೆ ತಪ್ಪಿದೆ ಎಂದು ಹೇಳುವಾಗ ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಮನೆಯೋ ಗ್ಯಾರೇಜೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಗಾಜು ಮುಚ್ಚಿ, ಕಾರಿನ ಮಾಡಿನ ಮೇಲೆ ಒಂದು ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು, ಮುಂದಿನ ಅಂಚು, ಹಿಂದಿನ ಅಂಚು, ಎರಡೂ ಬದಿ ಪರೀಕ್ಷಿಸಿ. ಗಾಜು ನಾಲ್ಕು ಕಡೆಯ ಸಂದಿಯಲ್ಲಿ ಸಮನಾಗಿ ಕೂತಿದ್ದು ಎಲ್ಲೋ ಒಂದು ಮೂಲೆ ಮೇಲೆದ್ದಿದ್ದರೆ ಅಥವಾ ತಗ್ಗಿದ್ದರೆ ಅದು ಎತ್ತರದ ದೋಷ. ಅದನ್ನು ತಿರುಪುಗಳಿಂದ ಸರಿಮಾಡಬಹುದು. ಎಡಗಡೆ ಮುಂದಿನ ಮೂಲೆಯಲ್ಲಿ ಸಂದಿ ಹೆಚ್ಚು, ಬಲಗಡೆ ಹಿಂದಿನ ಮೂಲೆಯಲ್ಲೂ ಹೆಚ್ಚು, ಅಂದರೆ ಮೇಲಿನಿಂದ ನೋಡಿದಾಗ ಗಾಜು ಚೌಕಟ್ಟಿನೊಳಗೆ ವಾರೆಯಾಗಿ ತಿರುಗಿದ್ದರೆ ಅದು ಓರೆಯ ದೋಷ. ಒಂದೇ ಮೋಟಾರು ಎರಡು ಕೇಬಲ್‌ಗಳ ಮೂಲಕ ಎಡ, ಬಲದ ತೋಳುಗಳನ್ನು ಒಟ್ಟಿಗೆ ಎಳೆಯಬೇಕು. ಒಂದು ಕೇಬಲ್ ಹಲ್ಲು ತಪ್ಪಿದರೆ ಒಂದು ತೋಳು ಹಿಂದುಳಿಯುತ್ತದೆ, ಗಾಜು ಓರೆಯಾಗುತ್ತದೆ. ಓರೆಯ ದೋಷಕ್ಕೆ ತಿರುಪು ತಿರುಗಿಸಿ ಫಲವಿಲ್ಲ. ಬಲವಂತವಾಗಿ ಗಾಜನ್ನು ನೇರ ಮಾಡಿ ಬಿಗಿದರೆ ಮುಂದಿನ ಸಲ ಸ್ವಿಚ್ ಒತ್ತಿದಾಗ ಎರಡು ತೋಳೂ ಪರಸ್ಪರ ಜಗ್ಗಾಡಿ, ಪ್ಲಾಸ್ಟಿಕ್ ಭಾಗವೊಂದು ಮುರಿದು, ಸಣ್ಣ ಬಿಲ್ಲು ದೊಡ್ಡದಾಗುತ್ತದೆ.

ಎತ್ತರದ ದೋಷವೆಂದು ಖಾತ್ರಿಯಾದರೆ ಮುಂದುವರಿಯಿರಿ. ಅದೂ ವಾರಂಟಿ ಮುಗಿದ ಕಾರಾದರೆ ಮಾತ್ರ. ವಾರಂಟಿ ಇರುವಾಗ ತಿರುಪು ಮುಟ್ಟಿ ಕಂಪನಿಯವರಿಗೆ ನೆಪ ಒದಗಿಸುವುದು ಜಾಣತನವಲ್ಲ.

ಒಳಗಿನ ಪರದೆ ಹಿಂದಕ್ಕೆ ಸರಿಸಿ, ಗಾಜನ್ನು ಹಿಂಬದಿ ಎತ್ತಿದ ಸ್ಥಿತಿಗೆ ತಂದರೆ ಎರಡೂ ಪಕ್ಕದಲ್ಲಿ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಕಾಣಿಸುತ್ತದೆ. ಅದನ್ನು ಪ್ಲಾಸ್ಟಿಕ್ ಚಮಚದಂಥ ಮೊಂಡು ವಸ್ತುವಿನಿಂದ ಎಬ್ಬಿಸಿದರೆ ಒಂದೊಂದು ಬದಿಗೆ ಎರಡೋ ಮೂರೋ ತಿರುಪು. ಹೆಚ್ಚಿನವು ಆರು ಮೂಲೆಯ ನಕ್ಷತ್ರದ ತಲೆಯವು, ಟಿ-25 ಅಳತೆಯ ಬಿಟ್ ಸಾಮಾನ್ಯವಾಗಿ ಹೊಂದುತ್ತದೆ. ಹೊಂದದ ಬಿಟ್‌ನಿಂದ ತಲೆ ಸವೆಸಿದರೆ ಅಲ್ಲಿಗೆ ಕೆಲಸ ಕೆಟ್ಟ ಹಾಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆಯ ಬಿಟ್ ಕೊಳ್ಳಿ. ಮೊದಲ ತಿರುಪು ಬಿಚ್ಚುವ ಮುನ್ನ ಗಾಜಿನ ಈಗಿನ ಸ್ಥಾನವನ್ನು ಮಾಸ್ಕಿಂಗ್ ಟೇಪಿನ ಮೇಲೆ ಪೆನ್ನಿನಿಂದ ಗುರುತು ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಿ.

ಈಗ ತಿರುಪುಗಳನ್ನು ಪೂರ್ತಿ ತೆಗೆಯದೆ ಅರ್ಧ ಸುತ್ತು ಮಾತ್ರ ಸಡಿಲಿಸಿ, ಗಾಜನ್ನು ಮುಚ್ಚಿ. ತಿರುಪಿನ ತೂತುಗಳು ಉದ್ದಕ್ಕೆ ಇರುವುದರಿಂದ ಗಾಜು ಮೇಲೆ ಕೆಳಗೆ ಕೆಲವು ಮಿಲಿಮೀಟರ್ ಸರಿಯುತ್ತದೆ. ಹೊರಗೆ ಒಬ್ಬರು ಅಂಗೈಯಿಂದ ಗಾಜನ್ನು ಹಿಡಿದು ಎತ್ತರ ಹೊಂದಿಸಬೇಕು, ಒಳಗೆ ಒಬ್ಬರು ಬಿಗಿಯಬೇಕು. ಒಬ್ಬರೇ ಮಾಡುವ ಕೆಲಸ ಇದಲ್ಲ. ಗುರಿ ಏನೆಂದರೆ ಮುಂದಿನ ಅಂಚು ಮಾಡಿಗೆ ಸಮ ಅಥವಾ ಅದಕ್ಕಿಂತ ಒಂದು ಮಿಲಿಮೀಟರಿನೊಳಗೆ ತಗ್ಗು, ಹಿಂದಿನ ಅಂಚು ಸಮ ಅಥವಾ ಒಂದು ಮಿಲಿಮೀಟರಿನೊಳಗೆ ಎತ್ತರ. ಮುಂದಿನ ಅಂಚು ಎದ್ದಿದ್ದರೆ ಗಾಳಿ ಅದಕ್ಕೆ ಬಡಿದು ಸಿಳ್ಳೆ ಹಾಕುತ್ತದೆ. ಬಿಗಿಯುವಾಗ ಎಡ ಮುಂದಿನದು, ಬಲ ಹಿಂದಿನದು ಎಂದು ಕರ್ಣದ ಕ್ರಮದಲ್ಲಿ, ಎಲ್ಲವನ್ನೂ ಹದಕ್ಕೆ ತಂದು ಕೊನೆಗೊಂದು ಸಲ ಗಟ್ಟಿ ಮಾಡಿ. ಗಟ್ಟಿ ಎಂದರೆ ಮುಷ್ಟಿಯ ಬಲವಲ್ಲ. ಹಲವು ಕಾರುಗಳಲ್ಲಿ ಈ ತಿರುಪುಗಳಿಗೆ ಬೇಕಾಗುವುದು 4ರಿಂದ 5 ನ್ಯೂಟನ್ ಮೀಟರ್ ಅಷ್ಟೇ, ಸಣ್ಣ ಹಿಡಿಯ ಸ್ಕ್ರೂಡ್ರೈವರಿನಲ್ಲಿ ಮಣಿಕಟ್ಟಿನ ತಿರುವು ಸಾಕು. ಕೆಲವು ಹಳೆಯ ಜಪಾನೀ ಕಾರುಗಳಲ್ಲಿ ಉದ್ದ ತೂತಿನ ಬದಲು ಗಾಜಿನ ಚೌಕಟ್ಟಿನ ಕೆಳಗೆ ತೆಳು ತಗಡಿನ ಶಿಮ್ ಇಟ್ಟು ಎತ್ತರ ಹೊಂದಿಸುತ್ತಾರೆ. ಅಂಥ ಕಾರಿನಲ್ಲಿ ತಿರುಪು ತೆಗೆಯುವಾಗ ಶಿಮ್ ಉದುರಿ ಕಳೆದುಹೋಗದಂತೆ ನೋಡಿಕೊಳ್ಳಬೇಕು.

ಆದ ಮೇಲೆ ಹತ್ತು ರೂಪಾಯಿಯ ನೋಟಿನ ಪರೀಕ್ಷೆ. ನೋಟನ್ನು ಅಂಚಿನಲ್ಲಿಟ್ಟು ಗಾಜು ಮುಚ್ಚಿ, ಎಳೆದು ನೋಡಿ. ಸ್ವಲ್ಪ ಹಿಡಿದುಕೊಂಡು ಬರಬೇಕು. ಸಲೀಸಾಗಿ ಜಾರಿದರೆ ಅಲ್ಲಿ ಬೀಡಿಂಗ್ ಒತ್ತುತ್ತಿಲ್ಲ, ಹರಿಯುವಷ್ಟು ಹಿಡಿದರೆ ಒತ್ತಡ ಹೆಚ್ಚು. ಸುತ್ತಲೂ ಹೀಗೆ ನೋಡಿ, ಪೈಪಿನಿಂದ ಮಳೆಯ ಹಾಗೆ ನೀರು ಬಿಟ್ಟು, ಕೊನೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ದಾಟಿ ರಸ್ತೆ ಖಾಲಿಯಿರುವ ಕಡೆ ಎಂಬತ್ತರ ವೇಗದಲ್ಲಿ ಒಂದು ಸುತ್ತು. ಸಿಳ್ಳೆ ಕೇಳಿದರೆ ಮುಂದಿನ ಅಂಚನ್ನು ಕೂದಲೆಳೆಯಷ್ಟು ತಗ್ಗಿಸಿ. ಕಾರು ತೊಳೆಯುವಲ್ಲಿನ ಜೋರು ಒತ್ತಡದ ನೀರಿನಿಂದ ಪರೀಕ್ಷಿಸಬೇಡಿ. ಆ ಒತ್ತಡಕ್ಕೆ ಯಾವ ಬೀಡಿಂಗೂ ನಿಲ್ಲುವುದಿಲ್ಲ.

ಇಷ್ಟೂ ಹೇಳಿದ್ದು ಒಂದೇ ಗಾಜಿನ ಸನ್‌ರೂಫಿಗೆ. ಪನೋರಮಿಕ್ ಆದರೆ ಗಾಜು ದೊಡ್ಡದು, ಭಾರ, ಹಿಂದಿನ ಗಾಜು ಅಂಟಿಸಿದ್ದಾಗಿರಬಹುದು, ಪರದೆಗೆ ಬೇರೆಯೇ ಮೋಟಾರ್ ಇರಬಹುದು. ಅದರಲ್ಲಿ ಕೊಳವೆ, ಗ್ರೀಸು ಮನೆಯಲ್ಲಿ ಮಾಡಿ. ಜೋಡಣೆಗೆ ಕೈ ಹಾಕಬೇಡಿ ಎಂಬುದು ನನ್ನ ಅಭಿಪ್ರಾಯ.

ಗ್ಯಾರೇಜಿಗೆ ಕೊಡುವುದಾದರೆ ಯಾವುದಕ್ಕೆ?

ಕೇಬಲ್ ಹಲ್ಲು ತಪ್ಪಿದ್ದು, ತೋಳು ಮುರಿದದ್ದು, ಕೊಳವೆ ಒಳಗೆ ಕಳಚಿದ್ದು, ಮೋಟಾರ್ ಸತ್ತದ್ದು, ಇವೆಲ್ಲ ಸಾಮಾನ್ಯವಾಗಿ ರೂಫ್ ಲೈನಿಂಗ್ ಇಳಿಸುವ ಕೆಲಸ. ಈಗಿನ ಹಲವು ಕಾರುಗಳಲ್ಲಿ ಲೈನಿಂಗಿನ ಎರಡು ಅಂಚಿನಲ್ಲೂ ಕರ್ಟನ್ ಏರ್‌ಬ್ಯಾಗ್ ಮಡಚಿ ಕೂತಿರುತ್ತದೆ. ಬ್ಯಾಟರಿ ಕಳಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು ಕೈ ಹಾಕುವ ಶಿಸ್ತು ಇಲ್ಲದವರು ಅದರ ಹತ್ತಿರ ಹೋಗಬಾರದು. ಲೈನಿಂಗ್ ಒಮ್ಮೆ ಮಡಚಿ ಗೆರೆ ಬಿತ್ತೆಂದರೆ ಮತ್ತೆ ಸರಿಯಾಗುವುದೂ ಇಲ್ಲ.

ಅಧಿಕೃತ ಸರ್ವಿಸ್ ಸೆಂಟರಿನ ಬಲ ಎಂದರೆ ಆ ಕಾರಿನ ದುರಸ್ತಿ ಕೈಪಿಡಿ, ಮೋಟಾರನ್ನು ಶೂನ್ಯ ಸ್ಥಾನಕ್ಕೆ ತರುವ ಸ್ಕ್ಯಾನರ್, ಹೊಸ ಬಿಡಿಭಾಗ. ದೌರ್ಬಲ್ಯವೆಂದರೆ ಬಿಡಿಸಿ ರಿಪೇರಿ ಮಾಡುವ ಅಭ್ಯಾಸ ಕಡಿಮೆ. ಕೈಬೆರಳಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು ಮುರಿದರೂ ಹಳಿ, ಕೇಬಲ್, ಚೌಕಟ್ಟು ಸೇರಿದ ಅಸೆಂಬ್ಲಿಯನ್ನೇ ಬದಲಿಸಬೇಕು ಎನ್ನುತ್ತಾರೆ. ಕಂಪನಿ ಬಿಡಿಭಾಗವನ್ನು ಬೇರೆಯಾಗಿ ಮಾರದಿರುವುದೂ ಇದಕ್ಕೆ ಒಂದು ಕಾರಣ. ಲೆಕ್ಕ ಹತ್ತಾರು ಸಾವಿರ ರೂಪಾಯಿಗೆ ಹೋಗುತ್ತದೆ.

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಸುತ್ತ ಇರುವಂಥ ಬಹು ಬ್ರಾಂಡ್ ಗ್ಯಾರೇಜುಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೆಲಸಗಾರನ ಕೈ ಮುಖ್ಯ. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮತ್ತು ಲೈನಿಂಗ್ ಇಳಿಸಿ ಪಳಗಿದವನು ಒಂದೇ ಸೂರಿನಡಿ ಇದ್ದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಗುಜರಿಯಿಂದ ಅದೇ ಮಾದರಿಯ ಕಾರಿನ ಅಸೆಂಬ್ಲಿ ತರಿಸಿ ಅದರ ತೋಳನ್ನು ಇದಕ್ಕೆ ಹಾಕುವ ಜಾಣ್ಮೆಯೂ ಇಲ್ಲೇ ಸಿಗುವುದು. ಗುಜರಿಯ ಮಾಲು ಆರಿಸುವಾಗ ಒಂದು ಎಚ್ಚರ: ನಮ್ಮ ಕರಾವಳಿಯಲ್ಲೇ ಓಡಿದ ಕಾರಿನದಕ್ಕಿಂತ ಒಣ ಹವೆಯ ಊರಿನ ಕಾರಿನದು ಮೇಲು. ಉಪ್ಪುಗಾಳಿ ತಿಂದ ಕೇಬಲ್ ಹೊರಗೆ ಹೊಳೆದರೂ ಒಳಗೆ ಸವೆದಿರುತ್ತದೆ.

ಯಾರಿಗೇ ಕೊಡಿ, ಎರಡು ಪ್ರಶ್ನೆ ಕೇಳಿ. ಲೈನಿಂಗ್ ಪೂರ್ತಿ ಇಳಿಸುತ್ತೀರೋ, ಮುಂದಿನ ಅರ್ಧ ಬಗ್ಗಿಸಿ ಕೈ ತೂರಿಸುತ್ತೀರೋ? ಮೋಟಾರ್ ಬಿಚ್ಚುವ ಮುನ್ನ ಎರಡೂ ತೋಳುಗಳನ್ನು ಗುರುತಿಗೆ ಸರಿಹೊಂದಿಸುತ್ತೀರೋ? ಎರಡನೆಯ ಪ್ರಶ್ನೆಗೆ ತಡವರಿಸಿದರೆ ಬೀಗದ ಕೈ ವಾಪಸ್ ಪಡೆದು ಬನ್ನಿ. ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳುವುದಂತೂ ಇದ್ದೇ ಇದೆ.

ಗಮ್, ಫ್ಯೂಸ್, ವಿಮೆ

ಸಿಲಿಕೋನ್ ಗಮ್ ಅಗ್ಗ, ಅರ್ಧ ಗಂಟೆಯ ಕೆಲಸ, ಹಾಕಿದ ವಾರ ಸೋರಿಕೆ ನಿಂತಂತೆಯೂ ತೋರುತ್ತದೆ. ಆದರೆ ಬಿಸಿಲಿಗೆ ಮಾಡಿನ ತಗಡು, ಗಾಜು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಗಮ್ ಕೂದಲೆಳೆಯಷ್ಟು ಬಿರಿಯುತ್ತದೆ. ನೀರು ಆ ಬಿರುಕಿನಿಂದ ಒಳಗೆ ಹೋಗುತ್ತದೆ. ಕೆಳಗಿನ ತೂತುಗಳು ಕಟ್ಟಿಯೇ ಇವೆ, ಈಗ ಗಾಜು ತೆರೆದು ಅವನ್ನು ಬಿಡಿಸುವ ದಾರಿಯೂ ಇಲ್ಲ. ಮುಂದೆ ಯಾರಾದರೂ ಮರೆತು ಸ್ವಿಚ್ ಒತ್ತಿದರೆ ಮೋಟಾರ್, ಕೇಬಲ್ ಎರಡಕ್ಕೂ ಗಂಡಾಂತರ. ಗಮ್ಮನ್ನು ಕೆರೆದು ತೆಗೆಯುವಾಗ ಬಣ್ಣ ಹೋಗಿ ತಗಡಿಗೆ ತುಕ್ಕು ಹಿಡಿಯುವುದು ಇನ್ನೊಂದು ಕತೆ. ನೀರು ಲೈನಿಂಗಿನಲ್ಲಿ ನಿಂತರೆ ಬೂಸು ಮಾತ್ರವಲ್ಲ, ಕಾರ್ಪೆಟ್ಟಿನ ಕೆಳಗಿನ ವೈರಿಂಗ್, ಸೀಟಿನಡಿಯ ನಿಯಂತ್ರಣ ಪೆಟ್ಟಿಗೆಗಳೂ ಹಾಳಾಗುತ್ತವೆ. ತುಳುವರ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಒದ್ದೆಯಾದ ಕಾರ್ಪೆಟ್ಟಿನ ಅಡಿಯ ಸ್ಪಂಜು ಒಣಗಬೇಕಾದರೆ ಅದರ ಮುಂದಿನ ಸೋಣ ತಿಂಗಳು ಕಳೆಯಬೇಕು.

ಹಳೆಯ ಕಾರು, ಅಸೆಂಬ್ಲಿಗೆ ಹಣ ಹಾಕುವ ಮನಸ್ಸಿಲ್ಲ, ಸನ್‌ರೂಫ್ ಬೇಕೆಂಬ ಹಟವೂ ಇಲ್ಲ ಎಂದಾದರೆ ಗಮ್ಮಿಗಿಂತ ಮರ್ಯಾದೆಯ ದಾರಿ ಇನ್ನೊಂದಿದೆ. ಗಾಜನ್ನು ಸರಿಯಾಗಿ ಮುಚ್ಚಿಸಿ, ನಾಲ್ಕೂ ಕೊಳವೆ ಚೊಕ್ಕಟ ಮಾಡಿ, ಸನ್‌ರೂಫಿನ ಫ್ಯೂಸ್ ತೆಗೆದಿಡುವುದು. ಆ ಫ್ಯೂಸ್ ಬೇರೆ ಯಾವುದಕ್ಕೂ ಸೇರಿಲ್ಲವೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ನೀರು ಬರುತ್ತದೆ, ಕೊಳವೆಯಲ್ಲಿ ಇಳಿದು ಹೋಗುತ್ತದೆ. ವರ್ಷಕ್ಕೊಮ್ಮೆ ಫ್ಯೂಸ್ ಹಾಕಿ, ತೆರೆದು, ಒರೆಸಿದರೆ ಸಾಕು. ನಮ್ಮ ಬಿಸಿಲಿಗೆ, ಸೆಖೆಗೆ, ಮಳೆಗೆ ವರ್ಷದಲ್ಲಿ ಸನ್‌ರೂಫ್ ತೆರೆಯುವ ದಿನಗಳೆಷ್ಟು ಎಂದು ಲೆಕ್ಕ ಹಾಕಿದರೆ ಇದರಲ್ಲಿ ಕಳೆದುಕೊಳ್ಳುವುದು ಅಷ್ಟಕ್ಕಷ್ಟೇ. ಮಕ್ಕಳು ತಲೆ ಹೊರಹಾಕಿ ನಿಲ್ಲುವುದೂ ತಪ್ಪುತ್ತದೆ.

ವಿಮೆಯಿಂದ ಏನಾದರೂ ಸಿಗುತ್ತದೆಯೇ? ಸವೆತ, ಯಾಂತ್ರಿಕ ಅಥವಾ ವಿದ್ಯುತ್ ದೋಷ ಸಾಮಾನ್ಯ ವಾಹನ ವಿಮೆಯಲ್ಲಿ ಸೇರುವುದಿಲ್ಲ. ಹಾಗಾಗಿ ಸಿಲುಕಿದ ಕೇಬಲ್, ಸತ್ತ ಮೋಟಾರ್ ನಿಮ್ಮ ಕೈಯಿಂದಲೇ. ಆದರೆ ಸಮಗ್ರ ವಿಮೆ ಇದ್ದು ತೆಂಗಿನಕಾಯಿ ಬಿದ್ದು ಗಾಜು ಒಡೆದರೆ ಅದು ಹೊರಗಿನಿಂದಾದ ಅಪಘಾತ, ಪರಿಹಾರ ಕೇಳಬಹುದು. ಗಾಜಿಗೆ ಸವಕಳಿ ಕಡಿತವಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿರಹಿತ ವಿಮೆ ತೆಗೆದುಕೊಳ್ಳದಿದ್ದರೆ ಶೇ 50 ಕಡಿಯುತ್ತಾರೆ. ಬಿದ್ದ ಕಾಯಿ, ಒಡೆದ ಗಾಜು ಎರಡನ್ನೂ ತೆಗೆಯುವ ಮೊದಲು ಚಿತ್ರ ತೆಗೆದಿಡಿ.

ಮಳೆಯ ನಡುವೆ ತೆರೆದೇ ನಿಂತರೆ

ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಮುಂದಿನ ಒಳದೀಪದ ಪೆಟ್ಟಿಗೆಯ ಹೊದಿಕೆ ತೆಗೆಯಿರಿ. ಹಲವು ಕಾರುಗಳಲ್ಲಿ ಅಲ್ಲೇ ಮೋಟಾರಿನ ನಡುವೆ ಆರು ಮೂಲೆಯ ಸಣ್ಣ ಗುಂಡಿ ಇರುತ್ತದೆ. ಅಲೆನ್ ಕೀ ಹಾಕಿ ನಿಧಾನವಾಗಿ ತಿರುಗಿಸಿದರೆ ಗಾಜು ಮುಚ್ಚುತ್ತದೆ. ಹೊಂದುವ ಕೀಯನ್ನು ಟೂಲ್ ಚೀಲದಲ್ಲಿ ಈಗಲೇ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಟಾರ್ಪಾಲು ಹೊದೆಸಿ, ಅದರ ಎರಡು ಅಂಚನ್ನು ಬಾಗಿಲುಗಳ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿ ನಿಲ್ಲಿಸಿ. ಕಂದು ಪ್ಯಾಕಿಂಗ್ ಟೇಪನ್ನು ಬಣ್ಣದ ಮೇಲೆ ಅಂಟಿಸಬೇಡಿ.

ಈ ಕೆಲಸಗಳಿಗೆಲ್ಲ ಹೊತ್ತು ಯಾವುದು ಎಂದರೆ ಪತ್ತನಾಜೆಗೆ ಮುಂಚೆ. ಮೇ 24ರ ಸುಮಾರಿಗೆ ದೈವಗಳ ನೇಮ, ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚುವ ಆ ದಿನದೊಳಗೆ ಕೊಳವೆ ಬಿಡಿಸಿ, ಗ್ರೀಸ್ ಹಾಕಿ, ಲೋಟದ ಪರೀಕ್ಷೆ ಮುಗಿಸಿದರೆ ಬಿಸಿಲೂ ಸಿಗುತ್ತದೆ, ಗ್ಯಾರೇಜಿಗೆ ಕೊಡಬೇಕಾದರೆ ಅಲ್ಲಿ ಪುರುಸೊತ್ತೂ ಇರುತ್ತದೆ. ಜೂನ್ ಎರಡನೆಯ ವಾರ ಹೋದರೆ ನಿಮ್ಮ ಹಾಗೆಯೇ ಒದ್ದೆ ಸೀಟಿನ ಮೇಲೆ ಟವೆಲ್ ಹಾಸಿಕೊಂಡು ಬಂದವರ ಸಾಲು ಅಲ್ಲಿ ಮೊದಲೇ ಇರುತ್ತದೆ. ಹಳೆಯ ಕಾರು ಕೊಳ್ಳಲು ಹೋಗುವವರೂ ಮಾರುವವರ ಎದುರೇ ಆ ಒಂದು ಲೋಟ ನೀರು ಕೇಳಲು ಸಂಕೋಚಪಡಬೇಕಾಗಿಲ್ಲ. ಕುಡಿಯಲಿಕ್ಕೆಂದು ಭಾವಿಸಿ ಅವರು ಬೆಲ್ಲವನ್ನೂ ಜೊತೆಗೆ ತಂದರೆ ಅದನ್ನು ಬಾಯಿಗೆ ಹಾಕಿಕೊಂಡು, ನೀರನ್ನು ತೊಟ್ಟಿಯ ಮೂಲೆಗೆ ಸುರಿಯಿರಿ.